ಕಾವಳದಲ್ಲಿ ಸೈಕಲ್

ನಮ್ಮ ಕಡೆ ಚಳಿಗೆ ನೀರು ಹೆಪ್ಪುಗಟ್ಟುವುದಿಲ್ಲ, ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ. ಕಾರ್ತಿಕ ಮುಗಿಯುತ್ತಿದ್ದಂತೆ ಗೂಡಿನಲ್ಲಿಟ್ಟ ಎಣ್ಣೆ ಬಾಟಲಿ ಮೊದಲು ಮಬ್ಬಾಗುತ್ತದೆ, ಆಮೇಲೆ ಬೆಳ್ಳಗಾಗುತ್ತದೆ, ಒಂದು ಬೆಳಿಗ್ಗೆ ತಲೆಕೆಳಗೆ ಮಾಡಿದರೂ ಒಂದು ಹನಿ ಬೀಳುವುದಿಲ್ಲ. ಆವತ್ತು ಅವ್ವ ಬಾಟಲಿಯನ್ನು ಒಲೆಯ ಪಕ್ಕಕ್ಕೆ ತಂದಿಡುತ್ತಾಳೆ. ನಮ್ಮ ಮನೆಯಲ್ಲಿ ಮಾಗಿ ಶುರುವಾಯಿತು ಎನ್ನುವುದಕ್ಕೆ ಅದೇ ಲೆಕ್ಕ.

ಎಣ್ಣೆ ಗಟ್ಟಿಯಾಗುವುದಕ್ಕೆ 24 ಡಿಗ್ರಿಗಿಂತ ಸ್ವಲ್ಪ ಕೆಳಗಿಳಿದರೂ ಸಾಕು. ಡಿಸೆಂಬರ್, ಜನವರಿಯ ಬೆಳಗಿನ ಜಾವ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ 13-14 ಡಿಗ್ರಿ ಇರುತ್ತದೆ. ಹಿಮ ಬೀಳುವ ದೇಶದವರ ಮುಂದೆ ಇದನ್ನು ಚಳಿ ಎಂದರೆ ಅವರು ನಕ್ಕಾರು. ಆದರೆ ಆ 13 ಡಿಗ್ರಿ ಬಾಗಿಲು ಹಾಕಿಕೊಂಡು ಕಂಬಳಿ ಹೊದ್ದವರ ಲೆಕ್ಕ. ಸೈಕಲ್ ಹತ್ತಿ ತುಳಿಯಲು ಶುರು ಮಾಡಿದ ಕೂಡಲೇ ಇಲ್ಲದ ಗಾಳಿಯೂ ಹುಟ್ಟಿಕೊಳ್ಳುತ್ತದೆ. ಮೊದಲು ಕಿವಿ ಹೋಗುತ್ತದೆ, ಆಮೇಲೆ ಹ್ಯಾಂಡಲ್ ಹಿಡಿದ ಬೆರಳಿನ ಗೆಣ್ಣು. ಎರಡು ಕಿಲೋಮೀಟರ್ ತುಳಿಯುವ ಹೊತ್ತಿಗೆ ಬೆನ್ನು ಬೆವರುತ್ತಿರುತ್ತದೆ, ಬೆರಳು ಮಾತ್ರ ಬ್ರೇಕ್ ಹಿಡಿದಿದೆಯೋ ಬಿಟ್ಟಿದೆಯೋ ಗೊತ್ತಾಗುವುದಿಲ್ಲ. ನಮ್ಮಪ್ಪ ಹಳೆಯ ನ್ಯೂಸ್‌ಪೇಪರನ್ನು ಮಡಚಿ ಅಂಗಿಯೊಳಗೆ ಎದೆಗೆ ಅಡ್ಡ ಇಟ್ಟುಕೊಂಡು ಡೈರಿಗೆ ಹಾಲು ಹಾಕಲು ಹೋಗುತ್ತಿದ್ದರು. ಆಲ್ಪ್ಸ್ ಪರ್ವತದ ಕಣಿವೆಗಳನ್ನು ಹತ್ತಿ ಇಳಿಯುವ ಟೂರ್ ಡಿ ಫ್ರಾನ್ಸ್ ಸವಾರರೂ ಇಳಿಜಾರಿಗೆ ಮುಂಚೆ ಎದೆಗೆ ಪೇಪರ್ ತುರುಕಿಕೊಳ್ಳುತ್ತಿದ್ದರು ಎಂದು ಓದಿದಾಗ ನನಗೆ ಅಪ್ಪನ ಮೇಲೆ ಗೌರವ ಜಾಸ್ತಿಯಾಯಿತು.

ನಾನು ವಾರಕ್ಕೆ ನಾಲ್ಕು ದಿನ ನೊಣವಿನಕೆರೆ ಕಡೆಯ ರಸ್ತೆಯಲ್ಲಿ 11 ಕಿಲೋಮೀಟರ್ ಸೈಕಲ್ ತುಳಿದು ತಿಪಟೂರಿನ ರೈಲ್ವೆ ಸ್ಟೇಷನ್ ಸೇರುತ್ತೇನೆ. ಅಲ್ಲಿ ಟೀ ಅಂಗಡಿಯ ಪಕ್ಕ ಸೈಕಲ್ ನಿಲ್ಲಿಸಿ ತುಮಕೂರಿಗೆ ರೈಲು ಹತ್ತುತ್ತೇನೆ. ನಮ್ಮೂರಿಗೆ ಮೊದಲ ಬಸ್ಸು ಬರುವ ಹೊತ್ತಿಗೆ ಆ ರೈಲು ಹೊರಟು ಹೋಗಿರುತ್ತದೆ. ಪಿಎಚ್‌ಡಿ ಮಾಡುವವಳು ಸೈಕಲ್ಲಿನಲ್ಲಿ ಹೋಗುತ್ತಾಳಲ್ಲ ಎಂದು ಊರಿನಲ್ಲಿ ಮೊದಮೊದಲು ಮಾತಾಡಿಕೊಂಡರು, ಈಗ ಬಿಟ್ಟಿದ್ದಾರೆ. ಹಾಗೆ ಮಾತಾಡಿದವರೆಲ್ಲ ಏಳು ಗಂಟೆಯ ಮೇಲೆ ಏಳುವವರು. ಐದೂವರೆಗೆ ರಸ್ತೆಯಲ್ಲಿರುವವರು ಯಾರೂ ಏನೂ ಕೇಳಲಿಲ್ಲ.

ಚಳಿಯನ್ನು ಮಫ್ಲರ್, ಸ್ವೆಟರ್, ಪೇಪರ್ ಸೇರಿ ಹೇಗೋ ತಡೆಯುತ್ತವೆ. ತಡೆಯಲಾಗದ್ದು ಕಾವಳ. ಮಂಜು ಎಂದು ಬರೆಯುತ್ತೇವೆ, ಇಬ್ಬನಿ ಎಂದು ಪದ್ಯದಲ್ಲಿ ಹೇಳುತ್ತೇವೆ, ಬಾಯಲ್ಲಿ ಬರುವುದು ಕಾವಳ. ಮೋಡವಿಲ್ಲದ ಮಾಗಿಯ ರಾತ್ರಿ ನೆಲ ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ಕೆರೆ, ಹೇಮಾವತಿ ನಾಲೆ, ನೀರು ಬಿಟ್ಟ ತೋಟದ ಪಾತಿ, ಇವುಗಳ ಮೇಲಿನ ತೇವದ ಗಾಳಿ ಆ ತಣ್ಣನೆಯ ನೆಲಕ್ಕೆ ಅಂಟಿಕೊಂಡು ಬೆಳ್ಳಗಾಗುತ್ತದೆ. ಕಾವಳ ಕತ್ತಲಿನ ಜೊತೆ ಬಂದು ಕತ್ತಲಿನ ಜೊತೆ ಹೋಗುತ್ತದೆ ಎಂದು ಪಟ್ಟಣದವರು ತಿಳಿದಿರುತ್ತಾರೆ. ಹಾಗಿಲ್ಲ. ಅದು ಐದರ ಸುಮಾರಿಗೆ ಗದ್ದೆ ಬದುವಿನಲ್ಲಿ ತೆಳ್ಳಗೆ ಎದ್ದು, ಬೆಳಕು ಹರಿದ ಮೇಲೆ ದಪ್ಪವಾಗಿ, ಸೂರ್ಯ ಹುಟ್ಟಿ ಎಷ್ಟೋ ಹೊತ್ತಿನವರೆಗೂ ಹಾಗೇ ನಿಂತಿರುತ್ತದೆ. ಕತ್ತಲಲ್ಲಿ ಕಂಡ ದಾರಿ ಬೆಳಕಲ್ಲಿ ಕಾಣುವುದಿಲ್ಲ. ತೆಂಗಿನ ಗರಿಗಳ ಮೇಲೆ ಕೂತ ತೇವ ಹನಿಗಟ್ಟಿ ತೊಟ್ಟಿಕ್ಕುತ್ತದೆ. ಮಳೆಯಿಲ್ಲದ ರಸ್ತೆಯಲ್ಲಿ, ಎರಡೂ ಕಡೆ ತೋಟವಿರುವ ಕಡೆಯಲ್ಲೆಲ್ಲ, ಟಪಟಪ ಎಂದು ತಲೆಯ ಮೇಲೆ ಮಳೆ.

ಎಷ್ಟು ದಟ್ಟ ಕಾವಳ ಎಂದು ಹೇಳಲು ನಮಗೆ ಮೀಟರ್ ಲೆಕ್ಕ ಬೇಕಿಲ್ಲ. ತೋಟದಲ್ಲಿ ತೆಂಗಿನ ಸಸಿಯನ್ನು ಸುಮಾರು 30 ಅಡಿಗೊಂದರಂತೆ ಸಾಲು ಹಿಡಿದು ನೆಟ್ಟಿರುತ್ತಾರೆ. ರಸ್ತೆ ಬದಿಯ ಸಾಲನ್ನು ನೋಡಿಕೊಂಡು ತುಳಿಯುವ ನನಗೆ ಇವತ್ತಿನದು ಆರು ಮರದ ಕಾವಳ, ಮೂರು ಮರದ ಕಾವಳ ಎಂದು ತಿಳಿಯುತ್ತದೆ. ಆರು ಮರ ಕಂಡರೆ ನೆಮ್ಮದಿ. ಮೂರು ಮರ ಕಂಡರೆ ಗಂಟೆ ಬಾರಿಸುತ್ತಾ ಹೋಗಬೇಕು. ಒಂದೇ ಮರ ಕಂಡ ದಿನ ಇಳಿದು ತಳ್ಳಬೇಕು. ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 55 ಅಡಿ ಓಡುತ್ತದೆ, ಹತ್ತಿರ ಹತ್ತಿರ ಎರಡು ಮರ. ಚಾಲಕ ಎದುರಿಗಿರುವುದನ್ನು ಕಂಡು, ಬ್ರೇಕ್ ತುಳಿದು, ಗಾಡಿ ಪೂರ್ತಿ ನಿಲ್ಲುವುದಕ್ಕೆ ಒಣ ರಸ್ತೆಯಲ್ಲೂ ಐದು ಮರದಷ್ಟು ಜಾಗ ಬೇಕು. ತೇವದ ರಸ್ತೆಯಲ್ಲಿ, ಲೋಡು ತುಂಬಿದ ಲಾರಿಗೆ ಅದಕ್ಕಿಂತಲೂ ಹೆಚ್ಚು. ಮೂರು ಮರದ ಕಾವಳದಲ್ಲಿ 60ರಲ್ಲಿ ಬರುವವನು ತನಗೆ ಕಾಣದ ಎರಡು ಮರದ ಜಾಗದಲ್ಲಿ ಯಾರೂ ಇಲ್ಲ ಎಂದು ನಂಬಿಕೊಂಡು ಬರುತ್ತಿರುತ್ತಾನೆ.

ಆ ಜಾಗದಲ್ಲಿ ಜನ ಇರುತ್ತಾರೆ. ಮೊದಲು ಹಾಲಿನವರು, ಎರಡೂ ಪಕ್ಕ ಕ್ಯಾನ್ ತೂಗುಹಾಕಿಕೊಂಡು. ಕ್ಯಾನು ಒಂದಕ್ಕೊಂದು ತಗಲುವ ಸದ್ದು ಮೊದಲು, ಮನುಷ್ಯ ಆಮೇಲೆ. ಅವರ ಹಿಂದೆ ಕಾಯಿ ಸುಲಿಯುವವರು. ತಿಪಟೂರಿನ ಉಂಡೆ ಕೊಬ್ಬರಿ ಎಂದರೆ ದೇಶಕ್ಕೇ ಗೊತ್ತು. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಮಲಗಿ, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಲೊಟಲೊಟ ಎನ್ನುವ ಕಾಯಿಯನ್ನು ಸುಲಿದು, ಕರಟ ಒಡೆದು, ಉಂಡೆ ಒಡೆಯದಂತೆ ಹೊರತೆಗೆಯುವುದು ಕೈಯ ಕೆಲಸ. ಕೂಲಿ ಸಾವಿರ ಕಾಯಿಗೆ ಇಷ್ಟು ಎಂದು. ಬಿಸಿಲೇರುವ ಮುಂಚೆ ಎಷ್ಟು ಸಾವಿರ ಮುಗಿದರೆ ಅಷ್ಟು ಲಾಭ ಎಂದು ಅವರು ಕತ್ತಲಲ್ಲೇ ಹೊರಡುತ್ತಾರೆ. ಮರ ಹತ್ತುವವರು ಮಾತ್ರ ತಡ. ಕಾವಳಕ್ಕೆ ನೆಂದ ಬೊಡ್ಡೆ ಜಾರುತ್ತದೆ, ಬಿಸಿಲು ಬಿದ್ದು ಮರ ಆರುವವರೆಗೆ ಅವರು ಮುಟ್ಟುವುದಿಲ್ಲ. ಕೊಬ್ಬರಿ ಪುಡಿಯ ಕಾರ್ಖಾನೆಗೆ ಹೋಗುವ ಹೆಂಗಸರು ಕ್ರಾಸಿನಲ್ಲಿ ಎಡಮಟ್ಟೆ, ಕರಟ ಗುಡ್ಡೆ ಹಾಕಿ ಬೆಂಕಿ ಕಾಯಿಸುತ್ತಾ ಆಟೋಗೆ ಕಾಯುತ್ತಾರೆ. ಆ ಬೆಂಕಿಯ ಕೆಂಪು ನನಗೆ ನಾಲ್ಕನೇ ಕಿಲೋಮೀಟರಿನ ಗುರುತು. ಧನುರ್ಮಾಸದಲ್ಲಿ ಇನ್ನೊಂದು ಅನುಕೂಲವಿದೆ. ಗುಡಿಯ ಮೈಕು ಹಾಡು ಹಾಕಿರುತ್ತದೆ, ಊರು ಕಾಣದಿದ್ದರೂ ಯಾವ ಊರು ಬಂತು ಎಂದು ಕಿವಿಗೆ ಗೊತ್ತಾಗುತ್ತದೆ.

ಕಾವಳದ ಜೊತೆಗೆ ರಸ್ತೆಯಲ್ಲಿ ನಮ್ಮದೇ ಒಂದು ಮಂಜುಗಡ್ಡೆಯಿದೆ. ಅದು ರಾಗಿ ಹುಲ್ಲು. ಕಟಾವು ಮುಗಿದ ಮೇಲೆ ರಾಗಿ ತೆನೆ, ಹುರುಳಿ ಗಿಡಗಳನ್ನು ಡಾಂಬರು ರಸ್ತೆಯ ಮೇಲೆ ಹರಡುತ್ತಾರೆ, ಹೋಗಿ ಬರುವ ಗಾಡಿಗಳ ಚಕ್ರವೇ ಒಕ್ಕಣೆ ಮಾಡುತ್ತದೆ. ಸಂಜೆ ಕಾಳು ಬಾಚಿಕೊಂಡು ಹೋದರೂ ಹುಲ್ಲಿನ ಪದರ ಉಳಿದಿರುತ್ತದೆ. ಬೆಳಗಿನ ಹೊತ್ತಿಗೆ ಅದು ಇಬ್ಬನಿಯಲ್ಲಿ ನೆಂದು ನುಣ್ಣಗಾಗಿರುತ್ತದೆ. ಹುರುಳಿ ಇನ್ನೂ ಮೋಸ. ಬಳ್ಳಿ ಚೈನಿಗೆ ಸುತ್ತಿಕೊಳ್ಳುತ್ತದೆ, ಉದುರಿದ ಕಾಳು ಟೈರಿನ ಅಡಿ ಗೋಲಿಯಂತೆ ಉರುಳುತ್ತದೆ. ರಾಶಿಯ ಮೇಲೆ ಗಾಡಿ ಹತ್ತದಿರಲಿ ಎಂದು ಸುತ್ತ ಇಟ್ಟ ದಪ್ಪ ಕಲ್ಲುಗಳು ಹಾಗೇ ಉಳಿದಿರುತ್ತವೆ. ಹುಲ್ಲಿನ ಮೇಲೆ ಹೇಗೆ ಹೋಗಬೇಕೆಂದು ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಪ್ಪ ಹೇಳಿಕೊಟ್ಟಿದ್ದರು: "ಬ್ರೇಕ್ ಹಿಡೀಬ್ಯಾಡ, ಹ್ಯಾಂಡಲ್ ತಿರುಗಿಸ್ಬ್ಯಾಡ, ತುಳಿಯೋದ್ನ ನಿಲ್ಲಿಸ್ಬ್ಯಾಡ. ಮೆತ್ತಗೆ ನೆಟ್ಟಗೆ ಹೋಗ್ತಿರು."

ನನ್ನ ಹಾಸ್ಟೆಲ್ಲಿನ ಗೆಳತಿಯೊಬ್ಬಳು ಈಗ ಫಿನ್ಲೆಂಡಿನ ಔಲು ಎಂಬ ಊರಿನಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಆರ್ಕ್ಟಿಕ್ ವೃತ್ತಕ್ಕೆ ಅಷ್ಟೇನೂ ದೂರವಲ್ಲದ ಊರು. ಸೊನ್ನೆಗಿಂತ 15 ಡಿಗ್ರಿ ಕೆಳಗಿನ ಬೆಳಗಿನಲ್ಲಿ ಅಲ್ಲಿಯ ಮಕ್ಕಳು, ಮುದುಕರು ಸೈಕಲ್ಲಿನಲ್ಲಿ ಹೋಗುವ ವಿಡಿಯೋ ಕಳಿಸುತ್ತಾಳೆ. ಐಸಿಗೆ ಕಚ್ಚಿಕೊಳ್ಳುವ ಸಣ್ಣ ಮೊಳೆಗಳ ಟೈರು ಅವಳ ಸೈಕಲ್ಲಿಗಿದೆ. ಐಸಿನ ಮೇಲೆ ಹೇಗೆ ಹೋಗಬೇಕೆಂದು ಅಲ್ಲಿಯವರು ಅವಳಿಗೆ ಹೇಳಿಕೊಟ್ಟ ಪಾಠವನ್ನು ಅವಳು ನನಗೆ ಹೇಳಿದಾಗ ನನಗೆ ನಗು ಬಂತು. ಬ್ರೇಕ್ ಹಿಡಿಯಬೇಡ, ತಿರುಗಿಸಬೇಡ, ತುಳಿಯುವುದನ್ನು ನಿಲ್ಲಿಸಬೇಡ. ನಮ್ಮಪ್ಪನ ಪಾಠವೇ.

ರಸ್ತೆಯಲ್ಲಿ ಒಕ್ಕಣೆ ಮಾಡುವವರನ್ನು ಬೈಯುವುದು ಸುಲಭ, ಪೊಲೀಸರು ಪ್ರತಿವರ್ಷ ಎಚ್ಚರಿಕೆ ಕೊಡುವುದೂ ಸರಿ. ಆದರೆ ಕಣ ಎಲ್ಲಿ ಹೋಯಿತು ಎಂದೂ ಕೇಳಬೇಕು. ಸಗಣಿ ಸಾರಿಸಿದ ಕಣ, ನಡುವಿನ ಮೇಟಿ, ರೋಣಗಲ್ಲು ಎಳೆಯುವ ಎತ್ತು, ಸುತ್ತ ಕೈ ಹಾಕುವ ಹತ್ತು ಜನ, ಇವೆಲ್ಲ ಒಟ್ಟಿಗೆ ಇದ್ದಾಗ ಕಣ ಇತ್ತು. ಎತ್ತು ಹೋದವು, ಕೂಲಿಗೆ ಜನ ಇಲ್ಲ, ಕಣದ ಜಾಗಕ್ಕೆ ತೆಂಗಿನ ಸಸಿ ಬಂತು. ಅರ್ಧ ಎಕರೆ ರಾಗಿ ಇಟ್ಟುಕೊಂಡ ವಯಸ್ಸಾದ ಗಂಡ ಹೆಂಡತಿಗೆ ಉಳಿದದ್ದು ಮನೆ ಮುಂದಿನ ಡಾಂಬರು. ಅವರ ಹುಲ್ಲಿನ ಮೇಲೆ ಜಾರುವುದು ಕಾರಿನವರಲ್ಲ, ಅವರಷ್ಟೇ ಬಡವರು. ನಮ್ಮ ರಸ್ತೆಯ ತೊಂದರೆಗಳು ಹೀಗೆ ಬಡವರಿಂದ ಬಡವರಿಗೆ ಕೈ ಬದಲಾಯಿಸುತ್ತಿರುತ್ತವೆ.

ನನ್ನ ಸೈಕಲ್ ಸರ್ಕಾರದ್ದು. ಕರ್ನಾಟಕದಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಯಿತು. ನನ್ನ ಸರದಿ ಬರುವ ಹೊತ್ತಿಗೆ ಅದು ಊರೂರಿನ ಹಬ್ಬವಾಗಿತ್ತು. ಶಾಲೆಯ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿದ ಸೈಕಲ್, ಸೀಟಿನ ಪ್ಲಾಸ್ಟಿಕ್ ಕವರನ್ನು ಎಷ್ಟೋ ತಿಂಗಳು ಬಿಚ್ಚದ ಹುಡುಗಿಯರು. ನಮ್ಮ ಹೈಸ್ಕೂಲು ಐದು ಕಿಲೋಮೀಟರ್ ದೂರ. ನನಗಿಂತ ನಾಲ್ಕು ವರ್ಷ ಹಿರಿಯಳಾದ ಚಿಕ್ಕಪ್ಪನ ಮಗಳಿಗೂ ಅದೇ ಯೋಜನೆಯಲ್ಲಿ ಬಂದಿತ್ತು, ಅವಳು ಹತ್ತನೇ ತರಗತಿ ಮುಗಿಸಿದಳು. ಅವಳ ಅಕ್ಕನ ಕಾಲಕ್ಕೆ ಯೋಜನೆ ಇರಲಿಲ್ಲ, ಏಳನೇ ತರಗತಿಗೇ ನಿಂತಳು. ಒಂದೇ ಮನೆ, ಒಂದೇ ಅಪ್ಪ ಅಮ್ಮ.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ ಎನ್ನುವುದಕ್ಕೆ ಆಧಾರವೂ ಇದೆ. ಅದೇ 2006ರಲ್ಲಿ ಬಿಹಾರದಲ್ಲೂ ಹೈಸ್ಕೂಲು ಹುಡುಗಿಯರಿಗೆ ಸೈಕಲ್ ಯೋಜನೆ ಬಂತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅದನ್ನು ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದರು. ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ಶೇಕಡಾ 32ರಷ್ಟು ಏರಿತ್ತು, ಹುಡುಗ ಹುಡುಗಿಯರ ನಡುವಿನ ಅಂತರ ಶೇಕಡಾ 40ರಷ್ಟು ಇಳಿದಿತ್ತು. ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಊರುಗಳಲ್ಲಿ ಪರಿಣಾಮ ಹೆಚ್ಚು. ನಡೆದು ಹೋಗಲಾರದಷ್ಟು ದೂರ, ಬಸ್ಸು ಬಾರದಷ್ಟು ಒಳಗೆ ಇರುವ ಊರುಗಳು, ನಮ್ಮೂರಿನ ಹಾಗೆ.

ಕರ್ನಾಟಕದ ಯೋಜನೆ ಕೋವಿಡ್ ಬಂದ ಮೇಲೆ ನಿಂತಿತು, ಆಮೇಲೆ ವರ್ಷಗಳ ಕಾಲ ಸೈಕಲ್ ಬರಲಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾಯಿತು. ಅವ್ವ ಈಗ ಒಬ್ಬಳೇ ತವರಿಗೆ ಹೋಗಿ ಸಂಜೆಯೊಳಗೆ ಬರುತ್ತಾಳೆ. ಬಸ್ಸು ಬರುವ ದಾರಿಯಲ್ಲಿ, ಬಸ್ಸು ಬರುವ ಹೊತ್ತಿನಲ್ಲಿ ಇದು ದೊಡ್ಡ ಬದಲಾವಣೆಯೇ ಸರಿ. ಎಸ್‌ಎಸ್‌ಎಲ್‌ಸಿ ಮಕ್ಕಳ ವಿಶೇಷ ತರಗತಿ ಮಾತ್ರ ಮೊದಲ ಬಸ್ಸಿಗಿಂತ ಮುಂಚೆ ಶುರುವಾಗುತ್ತದೆ. ಅದು ನಡೆಯುವುದೂ ಡಿಸೆಂಬರ್, ಜನವರಿಯಲ್ಲೇ, ಕಾವಳದ ತಿಂಗಳಲ್ಲೇ. ನಮ್ಮ ಪಕ್ಕದ ಮನೆಯ ಹುಡುಗಿ ಹೋದ ವರ್ಷ ಅಣ್ಣನ ಹಳೆಯ ಸೈಕಲ್ ಹತ್ತಿ, ಕಾಲು ಎಟುಕದೆ ಆ ಕಡೆ ಈ ಕಡೆ ತೂಗಾಡುತ್ತಾ, ನನ್ನ ಹಿಂದೆ ಹಿಂದೆ ಬರುತ್ತಿದ್ದಳು. "ಅಕ್ಕ, ನೀನು ಗಂಟೆ ಹೊಡೀತಿರು, ನಾನು ಆ ಸದ್ದು ಹಿಡ್ಕಂಡು ಬತ್ತೀನಿ" ಎನ್ನುತ್ತಿದ್ದಳು.

ಅಪ್ಪನ ಕಾಲಕ್ಕೆ ಸೈಕಲ್ಲಿಗೆ ದೀಪ ಇರಲೇಬೇಕಿತ್ತಂತೆ. ಪೇಟೆಯಲ್ಲಿ ಸೈಕಲ್ಲಿಗೂ ತೆರಿಗೆ ಕಟ್ಟಿ ತಗಡಿನ ಬಿಲ್ಲೆ ಹಾಕಿಸಿಕೊಳ್ಳಬೇಕು, ದೀಪವಿಲ್ಲದೆ ಸಿಕ್ಕಿಬಿದ್ದರೆ ಪೊಲೀಸಿನವರು ಟೈರಿನ ಗಾಳಿ ಬಿಡುತ್ತಿದ್ದರು. ಟೈರಿಗೆ ಉಜ್ಜಿಕೊಂಡು ತಿರುಗುವ ಡೈನಮೋ ನಮ್ಮ ಮನೆಯ ಹಳೆಯ ಸೈಕಲ್ಲಿನಲ್ಲೂ ಇತ್ತು. ಜೋರಾಗಿ ತುಳಿದರೆ ಜೋರು ಬೆಳಕು, ಮೆಲ್ಲಗೆ ತುಳಿದರೆ ಮಿಣುಕು, ನಿಂತರೆ ಕತ್ತಲು. ಕಾವಳ ದಟ್ಟವಾಗಿ ಹೆದರಿ ನಿಧಾನ ಮಾಡಿದ ಹೊತ್ತಿಗೇ ಅದು ಆರುತ್ತಿತ್ತು. ಹಾಗಿದ್ದರೂ ಆ ದೀಪ ಒಂದು ಮಾತು ಹೇಳುತ್ತಿತ್ತು, ಸೈಕಲ್ ಕೂಡ ರಸ್ತೆಯ ಗಾಡಿ, ಅದಕ್ಕೂ ಕಾನೂನು ಇದೆ, ಅದು ಎದುರಿನವರಿಗೆ ಕಾಣಬೇಕು ಎಂದು. ಬಿಲ್ಲೆ ಹೋಯಿತು, ತೆರಿಗೆ ಹೋಯಿತು. ಸೈಕಲ್ಲಿನವನನ್ನು ತಡೆದು ದೀಪ ಎಲ್ಲಿ ಎಂದು ಕೇಳುವವರು ಹೋದರು. ಜೊತೆಗೆ ಅವನು ರಸ್ತೆಯಲ್ಲಿದ್ದಾನೆ ಎಂಬ ನೆನಪೂ ಹೋಯಿತೇನೋ.

ಹೋದ ಮಾಗಿಯಲ್ಲಿ ನಮ್ಮ ಬೀದಿಯ ಮಾವನೊಬ್ಬನಿಗೆ ಗಾಡಿ ಗುದ್ದಿತು. ಕಾಯಿ ಸುಲಿಯುವವನು. ನಾಲೆ ಸೇತುವೆ ದಾಟಿ ಇಳಿಜಾರಿನಲ್ಲಿ ಹೋಗುತ್ತಿದ್ದವನಿಗೆ ಹಿಂದಿನಿಂದ ಲಗೇಜ್ ಆಟೋ ಬಂದು ಹೊಡೆಯಿತು. ಆವತ್ತು ಎರಡು ಮರದ ಕಾವಳ. ನಾನು ಹತ್ತು ನಿಮಿಷ ಹಿಂದೆ ಇದ್ದೆ. ಹೋಗುವ ಹೊತ್ತಿಗೆ ಅವನನ್ನು ರಸ್ತೆ ಪಕ್ಕ ಗೋಣಿಚೀಲದ ಮೇಲೆ ಕೂರಿಸಿದ್ದರು. ಸೈಕಲ್ಲಿನ ಹಿಂದಿನ ಚಕ್ರ ಎಂಟರ ಆಕಾರಕ್ಕೆ ಬಾಗಿತ್ತು, ಬುತ್ತಿಯ ರಾಗಿಮುದ್ದೆ ಡಾಂಬರಿನ ಮೇಲೆ ಬಿದ್ದಿತ್ತು. ಆಟೋದ ಹುಡುಗ ಓಡಿಹೋಗಿರಲಿಲ್ಲ, ಅದನ್ನು ಹೇಳಬೇಕು. ಕೈ ನಡುಗಿಸುತ್ತಾ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ: "ಕಾಣಿಸ್ಲಿಲ್ಲ ಸಾರ್. ಸೈಕಲ್ ಕಾಣಿಸ್ಲೇ ಇಲ್ಲ."

ಮಾವನ ಮೊಳಕಾಲಿನ ಕೆಳಗೆ ಮೂಳೆ ಎರಡು ಕಡೆ ಮುರಿದಿತ್ತು. ರಾಡು ಹಾಕಿದರು. ಐದು ತಿಂಗಳು ಅವನು ಜಗುಲಿ ಬಿಟ್ಟು ಇಳಿಯಲಿಲ್ಲ. ನೋಡಲು ಬಂದವರೆಲ್ಲ ಮೊದಲು ಕೇಳುತ್ತಿದ್ದುದು ಒಂದೇ, "ಲೈಟ್ ಹಾಕ್ಕಂಡಿರ್ಲಿಲ್ವಾ?" ಅವನು ಬಹಳ ದಿನ ಸುಮ್ಮನೆ ತಲೆಯಾಡಿಸಿದ. ಒಂದು ಸಂಜೆ ನನ್ನ ಹತ್ತಿರ ಅಂದ: "ಅಲ್ಲ ಅಮ್ಮಣ್ಣಿ, ಅವನ ಗಾಡಿಗೆ ಎರಡು ಲೈಟ್ ಇದ್ವಲ್ಲ. ಎರಡು ಲೈಟಲ್ಲಿ ಅವನಿಗೆ ಕಾಣ್ಲಿಲ್ಲ ಅಂದ್ರೆ, ಕಾಣೋ ಹಂಗೆ ಮೆಲ್ಲಗೆ ಬರ್ಬೇಕಿತ್ತೋ ಬ್ಯಾಡವೋ?"

ನಾನು ಓದುವುದು ಕನ್ನಡ. ಅವತ್ತಿನಿಂದ ಆ ಕ್ರಿಯಾಪದ ತಲೆಯಲ್ಲಿ ಕೂತಿದೆ. 'ನೋಡು' ಎನ್ನುವುದು ನೋಡುವವನ ಕೆಲಸ. ನಾನು ನೋಡಲಿಲ್ಲ ಎಂದರೆ ಕೆಲಸ ಮಾಡದವನು ನಾನೇ. 'ಕಾಣಿಸು' ಹಾಗಲ್ಲ. ನನಗೆ ಸೈಕಲ್ ಕಾಣಿಸಲಿಲ್ಲ ಎಂದರೆ ವಾಕ್ಯದ ಕರ್ತೃ ಸೈಕಲ್ ಆಗುತ್ತದೆ. ಕಾಣಿಸಿಕೊಳ್ಳಬೇಕಾದ್ದು ಅದರ ಕೆಲಸ, ಅದು ಮಾಡಲಿಲ್ಲ. ಆಟೋದ ಹುಡುಗ ಸುಳ್ಳು ಹೇಳಲಿಲ್ಲ. ನಾವೆಲ್ಲ ಹಾಗೇ ಹೇಳುತ್ತೇವೆ. ಆದರೆ ಹೇಳಿದ ಕೂಡಲೇ ಮುರಿದ ಕಾಲಿನವನೇ ಲೆಕ್ಕ ಕೊಡಬೇಕಾಗುತ್ತದೆ. ಬೀದಿಯವರೆಲ್ಲ ಲೈಟ್ ಬಗ್ಗೆ ಕೇಳಿದರು. ಆಟೋ ಎಷ್ಟು ಸ್ಪೀಡಿನಲ್ಲಿತ್ತು ಎಂದು ನನ್ನ ಕಿವಿಗೆ ಬಿದ್ದಂತೆ ಯಾರೂ ಕೇಳಲಿಲ್ಲ.

ಸರ್ಕಾರದ ಲೆಕ್ಕದಲ್ಲೂ ಇದೇ ಕ್ರಿಯಾಪದ ಇದೆ. 2011ರ ಜನಗಣತಿ ಕೆಲಸಕ್ಕೆ ಹೋಗುವವರು ಎಷ್ಟು ದೂರ, ಯಾವುದರಲ್ಲಿ ಹೋಗುತ್ತಾರೆ ಎಂದು ಲೆಕ್ಕ ತೆಗೆಯಿತು. ದೇಶದಲ್ಲಿ ನೂರಕ್ಕೆ ಸುಮಾರು 13 ಜನ ಸೈಕಲ್ಲಿನಲ್ಲಿ ಹೋಗುತ್ತಾರೆ ಎಂದು ಬಂತು. ಇದೇ ಸಾಕಷ್ಟು ದೊಡ್ಡ ಸಂಖ್ಯೆ. ಆದರೆ ಆ ಪಟ್ಟಿಯಲ್ಲಿ ಬೇಸಾಯಗಾರರು, ಕೃಷಿ ಕೂಲಿಗಳು, ಮನೆಯಲ್ಲೇ ನಡೆಯುವ ಉದ್ದಿಮೆಯವರು ಸೇರಿಲ್ಲ, ಉಳಿದ ಕೆಲಸಗಾರರ ಲೆಕ್ಕ ಮಾತ್ರ ಅದು. ಶಾಲೆಗೆ ಹೋಗುವ ಮಕ್ಕಳು ಕೆಲಸಗಾರರೇ ಅಲ್ಲ. ಐದೂವರೆಯ ನಮ್ಮ ರಸ್ತೆಯಲ್ಲಿ ಹಸು ಕಟ್ಟಿದ ರೈತನನ್ನು ತೆಗೆಯಿರಿ, ತೋಟದ ಕೂಲಿಗೆ ಹೋಗುವವರನ್ನು ತೆಗೆಯಿರಿ, ವಿಶೇಷ ತರಗತಿಯ ಹುಡುಗಿಯನ್ನು ತೆಗೆಯಿರಿ. ಉಳಿಯುವವರು ಬೆರಳೆಣಿಕೆ. ಅದನ್ನು ನೋಡಿ ಈ ರಸ್ತೆಗೆ ಸೈಕಲ್ ದಾರಿ ಯಾಕೆ ಬೇಕು ಎಂದು ಒಬ್ಬ ಇಂಜಿನಿಯರ್ ಕೇಳಿದರೆ ಅವನ ತಪ್ಪೂ ಇಲ್ಲ. ಅವನಿಗೂ ಕಾಣಿಸಲಿಲ್ಲ.

ಔಲು ಊರಿನಲ್ಲಿ ಸೈಕಲ್ ನಡೆಯುವುದಕ್ಕೆ ಮೊಳೆಯ ಟೈರು ಕಾರಣವಲ್ಲ ಎಂದು ಗೆಳತಿ ಹೇಳುತ್ತಾಳೆ. ಅಲ್ಲಿ ಸೈಕಲ್ಲಿಗೆ ಬೇರೆ ದಾರಿ ಇದೆ, ದೊಡ್ಡ ರಸ್ತೆ ಅಡ್ಡ ಬಂದಲ್ಲಿ ಅದರ ಅಡಿಯಿಂದ ಸುರಂಗ ಇದೆ, ಹಿಮ ಬಿದ್ದ ಬೆಳಿಗ್ಗೆ ಜನ ಹೊರಡುವ ಮುಂಚೆ ಆ ದಾರಿಯನ್ನು ಗೋರುತ್ತಾರೆ. ಚಳಿಗಾಲದ ಸೈಕಲ್ ಸವಾರಿಯ ಬಗ್ಗೆಯೇ ಒಂದು ಅಂತರರಾಷ್ಟ್ರೀಯ ಸಮ್ಮೇಳನ ನಡೆಯುತ್ತದೆ, ಮೊದಲನೆಯದು 2013ರಲ್ಲಿ ಅದೇ ಊರಲ್ಲಿ ಆಯಿತು. ಸೊನ್ನೆಯಿಂದ 15 ಡಿಗ್ರಿ ಕೆಳಗೆ ಮಕ್ಕಳು ಸೈಕಲ್ಲಿನಲ್ಲಿ ಶಾಲೆಗೆ ಹೋಗಿ ಬರಬಹುದಾದರೆ, 13 ಡಿಗ್ರಿಯ ನಮ್ಮಲ್ಲಿ ಮುರಿದ ಕಾಲಿಗೆ ಚಳಿಯನ್ನು ಕಾರಣ ಮಾಡಲಾಗದು. ಬೆಳಿಗ್ಗೆ ಎದ್ದವರು ಮೊದಲು ಯಾರ ದಾರಿ ಗುಡಿಸುತ್ತಾರೆ ಎನ್ನುವುದೇ ವ್ಯತ್ಯಾಸ.

ನಮ್ಮ ರಸ್ತೆಗೆ ಸುರಂಗ ಬೇಡ. ಅಂಚಿಗೆ ಒಂದು ಬಿಳಿ ಗೆರೆ, ಆ ಗೆರೆಯ ಆಚೆ ಮೂರಡಿ ಗಟ್ಟಿ ನೆಲ, ನಾಲೆ ಸೇತುವೆಯ ಎರಡೂ ಕಡೆ ಹೊಳೆಯುವ ಕಂಬ, ಊರಿಗೊಂದು ಕಾಂಕ್ರೀಟ್ ಕಣ, ಇಷ್ಟು. ಎರಡು ತಿಂಗಳ ಮಟ್ಟಿಗೆ ವಿಶೇಷ ತರಗತಿ ಬಿಸಿಲು ಬಂದ ಮೇಲೆ ಶುರುವಾಗಲಿ. ಇದಕ್ಕೆ ದುಡ್ಡೂ ಬೇಕಿಲ್ಲ. ರಾಷ್ಟ್ರೀಯ ಹೆದ್ದಾರಿ ಅಗಲವಾಗುವುದನ್ನು ನೋಡುತ್ತಾ ಬೆಳೆದವಳು ನಾನು. ದುಡ್ಡಿಲ್ಲ ಎನ್ನುವ ಮಾತನ್ನು ನಂಬುವುದು ಕಷ್ಟ.

ಮಾವ ಶ್ರಾವಣದ ಹೊತ್ತಿಗೆ ಮತ್ತೆ ಸೈಕಲ್ ಹತ್ತಿದ. ಎಡಗಾಲು ಪೂರ್ತಿ ಮಡಚುವುದಿಲ್ಲ, ಪೆಡಲನ್ನು ಅರ್ಧ ಸುತ್ತು ತಳ್ಳಿ ಬಿಡುತ್ತಾನೆ, ಉಳಿದರ್ಧ ಬಲಗಾಲಿನದು. ಅವನ ಮಗ ಮನೆಯಲ್ಲಿದ್ದ ಹಳೆಯ ಸಿನಿಮಾ ಹಾಡಿನ ಸಿಡಿಗಳನ್ನು ತಂತಿಯಲ್ಲಿ ಪೋಣಿಸಿ ಕ್ಯಾರಿಯರಿಗೂ ಮಡ್‌ಗಾರ್ಡಿಗೂ ಕಟ್ಟಿದ್ದಾನೆ. ಈಗ ನಮ್ಮ ಬೀದಿಯ ನಾಲ್ಕು ಸೈಕಲ್ಲಿಗೆ ಹಾಗೆ ಸಿಡಿ ಇದೆ, ಪಕ್ಕದ ಮನೆಯ ಹುಡುಗಿಯದಕ್ಕೂ. ಹಿಂದಿನಿಂದ ಗಾಡಿಯ ಬೆಳಕು ಬಿದ್ದರೆ ಕಾಮನಬಿಲ್ಲಿನ ಚೂರಿನಂತೆ ಹೊಳೆಯುತ್ತವೆ. ಮೂರು ಮರದ ಕಾವಳದಲ್ಲಿ ಅದು ನಾಲ್ಕನೇ ಮರದವರೆಗೆ ಕಾಣುತ್ತದೆ, ನಾನು ಎಣಿಸಿ ನೋಡಿದ್ದೇನೆ. ಐದನೇ ಮರದ ಮಾತು ಗಾಡಿಯವರಿಗೆ ಬಿಟ್ಟದ್ದು.